‘ನಮ್ದೇ’ ಎಂಬ ಮಾತು: ಒಂದು ಘೋಷವಾಕ್ಯದ ಪರಿಶೀಲನೆ

1

ಕನ್ನಡ ಅಧ್ಯಯನವು ಶಾಸನ, ಕಾವ್ಯ, ಲಾವಣಿ, ಗಾದೆ, ಒಗಟುಗಳನ್ನು ಪಠ್ಯಗಳೆಂದು ಅಂಗೀಕರಿಸಿ ಬಹುಕಾಲವಾಯಿತು. ಘೋಷವಾಕ್ಯಗಳ ಕಡೆಗೆ ಮಾತ್ರ ಅದರ ಗಮನ ಅಷ್ಟಾಗಿ ಹರಿದಿಲ್ಲ. ಘೋಷಣೆಯೆಂಬುದು ಕೂಗಿದ ಕ್ಷಣಕ್ಕೇ ಮುಗಿದುಹೋಗುವಂಥದು, ಅದರಲ್ಲಿ ಅರ್ಥಕ್ಕಿಂತ ಸದ್ದೇ ಹೆಚ್ಚು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಒಂದು ವಾಕ್ಯವನ್ನು ಲಕ್ಷಾಂತರ ಜನ ವರ್ಷವರ್ಷವೂ ಕೂಗಿ, ಆ ವಾಕ್ಯ ವರ್ಷವರ್ಷವೂ ಸುಳ್ಳಾಗಿ, ಸುಳ್ಳಾದಷ್ಟೂ ಬಲವಾಗಿ ಮತ್ತೆ ಕೇಳಿಬರುವುದಾದರೆ ಅದನ್ನು ಸದ್ದೆಂದು ತಳ್ಳಿಹಾಕುವುದು ವಿಮರ್ಶೆಯ ಸೋಮಾರಿತನವಾಗುತ್ತದೆ.

ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ‘ಈ ಸಲ ಕಪ್ ನಮ್ದೇ’ ಎಂಬ ವಾಕ್ಯ. ಐಪಿಎಲ್ ಕ್ರಿಕೆಟ್ಟಿನಲ್ಲಿ ಆಡುವ ರಾಯಲ್ ಚಾಲೆಂಜರ್ಸ್ ತಂಡದ ಅಭಿಮಾನಿಗಳ ಬಾಯಲ್ಲಿ 2018ರ ಸುಮಾರಿಗೆ ಇದು ವ್ಯಾಪಕವಾಯಿತು. ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳ ಕ್ರೀಡಾಂಗಣಗಳಲ್ಲಿಯೂ ಕೇಳಿಸಿತು. ಕನ್ನಡ ಬಾರದವರೂ ಉಚ್ಚರಿಸಿದ ಕನ್ನಡ ವಾಕ್ಯ ಇದು. ಊರಿನ ಅಭಿಮಾನ ಮತ್ತು ಅದರ ಬೆನ್ನಿಗೇ ಬರುವ ನೋವು ಇವೆರಡನ್ನೂ ಮೂರು ನಾಲ್ಕು ಪದಗಳಲ್ಲಿ ಹಿಡಿದಿಟ್ಟ ಈ ವಾಕ್ಯದಲ್ಲಿ ‘ನಾವು’ ಎಂದರೆ ಯಾರು ಎಂಬುದು ಈ ಲೇಖನದ ಮುಖ್ಯ ಪ್ರಶ್ನೆ.

2

ಮೊದಲು ವಾಕ್ಯದ ರಚನೆಯನ್ನು ಗಮನಿಸಬೇಕು. ‘ಈ ಸಲ’ ಎಂಬಲ್ಲಿಯೇ ಹಿಂದಿನ ಸಲಗಳ ನೆನಪು ಅಡಗಿದೆ. ಒಮ್ಮೆಯೂ ಸೋಲದವನು ‘ಈ ಸಲ’ ಎನ್ನಬೇಕಾಗಿಲ್ಲ. ಸೋಲನ್ನು ಹೆಸರಿಸದೆಯೇ ಸೋಲಿನ ಚರಿತ್ರೆಯನ್ನು ಹೇಳುವ ಪದಗಳಿವು. ಜೊತೆಗೆ ‘ಈ’ ಎಂಬ ದರ್ಶಕವು ಆಡುವವನ ಕಾಲದೊಡನೆ ತಾನೂ ಸರಿಯುತ್ತದೆ. ಆದ್ದರಿಂದ ಒಂದು ವರ್ಷ ಸೋತರೂ ವಾಕ್ಯ ಸೋಲುವುದಿಲ್ಲ. ಮರುವರ್ಷ ಅದೇ ವಾಕ್ಯ, ಅಕ್ಷರವೂ ಬದಲಾಗದೆ, ಹೊಸ ಮಾತಾಗಿ ನಿಲ್ಲುತ್ತದೆ.

ಎರಡನೆಯದಾಗಿ, ಈ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ‘ಆಗುತ್ತದೆ’ ಎಂದಿದ್ದರೆ ಭವಿಷ್ಯವಾಣಿಯಾಗುತ್ತಿತ್ತು. ‘ಆಗಲಿ’ ಎಂದಿದ್ದರೆ ಹಾರೈಕೆಯಾಗುತ್ತಿತ್ತು. ‘ಆಯಿತು’ ಎಂದಿದ್ದರೆ ವರದಿಯಾಗುತ್ತಿತ್ತು. ಕ್ರಿಯಾಪದವಿಲ್ಲದ ವಾಕ್ಯ ಕನ್ನಡದಲ್ಲಿ ತೀರ ಸಹಜವಾದದ್ದು. ಆ ಸಹಜತೆಯೇ ಇಲ್ಲಿ ಕಾಲದ ನಿರ್ಬಂಧವನ್ನು ಕಳಚಿದೆ. ಇನ್ನೂ ಕೈಗೆ ಬಾರದ ವಸ್ತುವನ್ನು ಈಗಾಗಲೇ ಬಂದದ್ದರ ಧಾಟಿಯಲ್ಲಿ ಹೇಳಲು ಇದರಿಂದ ಸಾಧ್ಯವಾಗಿದೆ.

‘ಕಪ್’ ಎಂಬುದು ಪ್ರಶಸ್ತಿಯೂ ಅಲ್ಲ, ಪಾರಿತೋಷಕವೂ ಅಲ್ಲ. ಹಳ್ಳಿಯ ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಗೆದ್ದ ಹುಡುಗರು ಊರಿಗೆ ಹೊತ್ತು ತರುವ ವಸ್ತುವಿಗೆ ಜನ ಬಳಸುವ ಮಾತು ಅದು. ಕೋಟ್ಯಂತರ ರೂಪಾಯಿಗಳ ವ್ಯವಹಾರವೊಂದನ್ನು ಈ ಒಂದು ಪದ ಊರ ಮೈದಾನದ ಅಳತೆಗೆ ತಂದುಕೊಂಡಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಪದ. ‘ನಮ್ಮದು’ ಎಂಬುದು ಆಡುಮಾತಿನಲ್ಲಿ ನಡುವಣ ಸ್ವರವನ್ನು ಕಳೆದುಕೊಂಡು ‘ನಮ್ದು’ ಆಗುತ್ತದೆ. ಅದರ ಮೇಲೆ ಅವಧಾರಣೆಯ ಏಕಾರ ಬಂದು ‘ನಮ್ದೇ’ ಆಗಿದೆ. ಅವಧಾರಣೆ ಬೇಕಾಗುವುದು ಸಂದೇಹವಿರುವಲ್ಲಿ. ಯಾರೂ ಪ್ರಶ್ನಿಸದ ಮನೆಯ ಮುಂದೆ ನಿಂತು ‘ಈ ಮನೆ ನಮ್ಮದೇ’ ಎಂದು ಯಾರೂ ಕೂಗುವುದಿಲ್ಲ. ‘ನಮ್ದೇ’ ಎಂಬ ಏಕಾರವು ಒಡೆತನದ ಗುರುತಲ್ಲ. ಒಡೆತನ ಇಲ್ಲದಿರುವಲ್ಲಿ ಹೂಡುವ ಹಕ್ಕಿನ ಗುರುತು.

3

ಈ ಏಕಾರಕ್ಕೆ ಬಲ ಬಂದದ್ದು ಎಲ್ಲಿಂದ ಎಂಬುದನ್ನು ತಿಳಿಯಲು ಸೋಲುಗಳ ಕಡೆಗೆ ನೋಡಬೇಕು. 2009ರ ಮೇ 24ರಂದು ಜೊಹಾನ್ಸ್‌ಬರ್ಗಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ತಂಡ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ಗೆ ಆರು ರನ್‌ಗಳಿಂದ ಸೋತಿತು. ಅಂದು ನಾಯಕ ಅನಿಲ್ ಕುಂಬ್ಳೆ 16 ರನ್‌ಗಳಿಗೆ 4 ವಿಕೆಟ್ ಪಡೆದಿದ್ದರು. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ನಾಯಕನಿಗೆ ಬಂತು, ಕಪ್ ಎದುರಾಳಿಗಳ ಪಾಲಾಯಿತು. 2011ರಲ್ಲಿ ಚೆನ್ನೈ ನಗರದಲ್ಲಿಯೇ ಚೆನ್ನೈ ತಂಡಕ್ಕೆ 58 ರನ್‌ಗಳ ಸೋಲು. 2016ರ ಮೇ 29ರಂದು ಅಂತಿಮ ಪಂದ್ಯ ಬೆಂಗಳೂರಿನಲ್ಲಿಯೇ ನಡೆಯಿತು. ಆ ಋತುವಿನಲ್ಲಿ ವಿರಾಟ್ ಕೊಹ್ಲಿ 973 ರನ್ ಗಳಿಸಿದ್ದರು. ಹೈದರಾಬಾದಿನ 208 ರನ್‌ಗಳನ್ನು ಬೆನ್ನಟ್ಟಿದ ತಂಡ ಮೊದಲ ವಿಕೆಟ್ಟಿಗೇ 114 ರನ್ ಸೇರಿಸಿ, ಕೊನೆಗೆ 200ಕ್ಕೆ ನಿಂತು, ಎಂಟು ರನ್‌ಗಳಿಂದ ಸೋತಿತು. ದೂರದ ಸೋಲು ಮರೆತುಹೋಗುತ್ತದೆ. ಕೈಗೆಟುಕಿ ತಪ್ಪಿದ್ದು ಮರೆಯುವುದಿಲ್ಲ. ಅದೂ ಸ್ವಂತ ಅಂಗಳದಲ್ಲಿ.

ಇದು ವಾಣಿಜ್ಯ ಕ್ರಿಕೆಟ್ಟಿಗೆ ಮಾತ್ರ ಸಂಬಂಧಿಸಿದ ಅನುಭವವಲ್ಲ. ಜೊಹಾನ್ಸ್‌ಬರ್ಗಿನ ಸೋಲಾಗಿ ಎಂಟು ತಿಂಗಳಾಗುವ ಮೊದಲೇ, 2010ರ ಜನವರಿಯಲ್ಲಿ, ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬಯಿ ತಂಡಗಳ ನಡುವೆ ರಣಜಿ ಅಂತಿಮ ಪಂದ್ಯ ನಡೆಯಿತು. ಜನ ಮರಗಳನ್ನೇರಿಯೂ ಆಟ ನೋಡಿದರು. ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ಮುಗಿಯಿತು. ಮತ್ತೆ ಅದೇ ಆರು ರನ್‌ಗಳ ಅಂತರ.

ಸೋತವನಿಗೆ ಘನತೆಯನ್ನು ಕೊಡುವುದು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ಗೆದ್ದವನು ಭೀಮ. ಕೃತಿಯ ಇನ್ನೊಂದು ಹೆಸರಾದ ‘ಸಾಹಸಭೀಮ ವಿಜಯ’ವೂ ಅವನದೇ. ಆದರೂ ಕನ್ನಡ ವಿಮರ್ಶೆ ಹೆಚ್ಚು ಆಸ್ಥೆಯಿಂದ ಚರ್ಚಿಸಿದ್ದು ದುರ್ಯೋಧನನನ್ನು. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ದುರ್ಯೋಧನನ ಸೋಲಿಗೆ ಅವನ ಛಲ, ಅವನ ತಪ್ಪು ಕಾರಣ. ಅಭಿಮಾನಿಯಾದವನು ತಾನು ಆಡದ ಆಟದಲ್ಲಿ ಸೋಲುತ್ತಾನೆ. ತನ್ನ ಕೈಯಲ್ಲಿ ಏನೂ ಇಲ್ಲದಿದ್ದರೂ ಸೋಲನ್ನು ಮಾತ್ರ ತನ್ನದೆಂದು ಹೊರುವುದೇ ಅವನ ಪಾಡಿನ ವಿಶೇಷ.

4

‘ನಾವು’ ಯಾರು? ಈ ಪ್ರಶ್ನೆಗೆ ಹಿಂದೆ ಸುಲಭವಾದ ಉತ್ತರವಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ತಂಡವೂ ಕರ್ನಾಟಕವಾಯಿತು. ಆ ಹೊಸ ಹೆಸರಿನ ಮೊದಲ ಋತುವಿನಲ್ಲಿಯೇ, ಸತತವಾಗಿ ಹದಿನೈದು ವರ್ಷ ರಣಜಿ ಕಪ್ ಗೆದ್ದಿದ್ದ ಮುಂಬಯಿ ತಂಡವನ್ನು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಹಿಂದಿಕ್ಕಿ, ಮುಂದೆ ರಾಜಸ್ಥಾನವನ್ನೂ ಸೋಲಿಸಿ ಕಪ್ ಗೆದ್ದಿತು. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಹೊಡೆದ ಪಂದ್ಯವದು. ಪ್ರಸನ್ನರ ಎಸೆತಕ್ಕೆ ಗವಾಸ್ಕರ್ ಬೌಲ್ಡ್ ಆದದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ನಾಡಿನ ಹೆಸರು, ತಂಡದ ಹೆಸರು, ಆಡುವವರ ಊರು ಮೂರೂ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು. ಅಂದು ‘ನಮ್ಮದು’ ಎನ್ನಲು ಏಕಾರದ ಅಗತ್ಯವಿರಲಿಲ್ಲ.

ರಾಯಲ್ ಚಾಲೆಂಜರ್ಸ್ ತಂಡದ ಸಂದರ್ಭ ಬೇರೆ. 2008ರಲ್ಲಿ ಅದನ್ನು ಹರಾಜಿನಲ್ಲಿ 11.16 ಕೋಟಿ ಡಾಲರಿಗೆ ಕೊಂಡದ್ದು ಒಂದು ಮದ್ಯ ಉದ್ಯಮ. ತಂಡದ ಹೆಸರು ಒಂದು ವಿಸ್ಕಿಯ ಹೆಸರನ್ನು ನೆನಪಿಸುವಂತೆ ಇಟ್ಟದ್ದು. ಆಟಗಾರರನ್ನು ಕೊಂಡುತಂದದ್ದೂ ಹರಾಜಿನಲ್ಲಿಯೇ. ನಗರದ ಹೆಸರು ಅಧಿಕೃತವಾಗಿ 2014ರ ನವೆಂಬರ್ 1ರಂದು ಬೆಂಗಳೂರು ಎಂದಾದರೂ, ತಂಡ ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಆದದ್ದು 2024ರ ಮಾರ್ಚ್‌ನಲ್ಲಿ. ಕಾನೂನಿನ ದೃಷ್ಟಿಯಲ್ಲಿ ತಂಡ ಕಂಪನಿಯ ಸ್ವತ್ತು. ಅಭಿಮಾನಿಗೆ ಅದರಲ್ಲಿ ಒಂದು ಚೂರೂ ಪಾಲಿಲ್ಲ. ಆದರೂ ಅವನು ‘ನಮ್ದೇ’ ಎನ್ನುತ್ತಾನೆ. ಮೊದಲೇ ಹೇಳಿದಂತೆ, ಸ್ವಾಮ್ಯವಿಲ್ಲದ ಕಡೆಯಲ್ಲಿಯೇ ಈ ಏಕಾರ ಹುಟ್ಟುತ್ತದೆ.

ಇದನ್ನು ಮೋಸಹೋದ ಜನರ ಭ್ರಮೆಯೆಂದು ತೀರ್ಮಾನಿಸುವುದು ಸುಲಭ. ನಿಷ್ಠೆಯನ್ನು ಅಂಗಿ, ಟೋಪಿ, ಟಿಕೆಟುಗಳಾಗಿ ಮಾರುವ ಮಾರುಕಟ್ಟೆಯೊಂದು ಇಲ್ಲಿ ಕೆಲಸ ಮಾಡಿದೆ ಎಂಬುದೂ ನಿಜ. ಆದರೆ ಅಭಿಮಾನಿ ಈ ವಿರೋಧಾಭಾಸವನ್ನು ಅರಿಯದವನಲ್ಲ. 2025ರ ಏಪ್ರಿಲ್ 10ರ ಪಂದ್ಯವನ್ನು ನೆನೆಯಬಹುದು. ಬೆಂಗಳೂರಿನಲ್ಲಿ ಹುಟ್ಟಿ ಮಂಗಳೂರಿನ ಕಡೆ ಬೆಳೆದ ಕೆ. ಎಲ್. ರಾಹುಲ್ ಅಂದು ದೆಹಲಿ ತಂಡದ ಪರವಾಗಿ ಆಡಿ, ಔಟಾಗದೆ 93 ರನ್ ಗಳಿಸಿ, ಬೆಂಗಳೂರು ತಂಡವನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಸೋಲಿಸಿದರು. ಬಳಿಕ ಬ್ಯಾಟಿನಿಂದ ನೆಲದಲ್ಲಿ ವೃತ್ತವೆಳೆದು, ಅದರೊಳಗೆ ಬ್ಯಾಟನ್ನು ಊರಿ, ಇದು ನನ್ನ ನೆಲ ಎಂದು ಸೂಚಿಸಿದರು. ಆ ಸನ್ನೆಗೆ ‘ಕಾಂತಾರ’ ಚಿತ್ರ ಪ್ರೇರಣೆಯೆಂದು ಅವರೇ ಹೇಳಿದರು. ಅಂದು ಸೋತ ತಂಡವೂ ‘ನಮ್ಮದು’, ಸೋಲಿಸಿದವನೂ ‘ನಮ್ಮವನು’. ಇತ್ತ, ಮೈಸೂರಿನಲ್ಲಿ ಕರ್ನಾಟಕಕ್ಕಾಗಿ ಆಡಿದ ಮನೀಶ್ ಪಾಂಡೆ ಹುಟ್ಟಿದ್ದು ನೈನಿತಾಲಿನಲ್ಲಿ. ಊರಿನವನೆಂದರೆ ಊರಿನಲ್ಲಿ ಹುಟ್ಟಿದವನೋ, ಊರಿಗಾಗಿ ಆಡಿದವನೋ, ಊರಿಗಾಗಿ ಮರುಗಿದವನೋ ಎಂಬ ಪ್ರಶ್ನೆಗೆ ಜನ ಒಂದೇ ಉತ್ತರವನ್ನು ಆರಿಸಿಕೊಂಡಿಲ್ಲ. ಮೂವರನ್ನೂ ಒಳಗೆ ಬಿಟ್ಟುಕೊಂಡಿದ್ದಾರೆ.

5

ಹೀಗೆ ಒಳಗೆ ಬಿಟ್ಟುಕೊಳ್ಳುವುದಕ್ಕೆ ಭಾಷೆಯೂ ಅನುಕೂಲವಾಗಿ ಒದಗಿದೆ ಎಂಬುದು ನನ್ನ ಗ್ರಹಿಕೆ. ಹೊರನಾಡಿನಲ್ಲಿ ಎರಡು ಭಾಷೆಗಳ ನಡುವೆ ಬಾಳುವವರಿಗೆ ಇದು ಬೇಗನೆ ಹೊಳೆಯುತ್ತದೆ. ತಮಿಳಿನಲ್ಲಿ ಕೇಳುಗನನ್ನು ಬಿಟ್ಟು ಹೇಳುವ ‘ನಾಂಗಳ್’ ಬೇರೆ, ಸೇರಿಸಿಕೊಂಡು ಹೇಳುವ ‘ನಾಂ’ ಬೇರೆ. ತೆಲುಗಿನ ‘ಮೇಮು’ ಮತ್ತು ‘ಮನಮು’, ತುಳುವಿನ ‘ಎಂಕುಲು’ ಮತ್ತು ‘ನಮ’, ದ್ರಾವಿಡೇತರವಾದ ಮರಾಠಿಯ ‘ಆಮ್ಹೀ’ ಮತ್ತು ‘ಆಪಣ’ ಇವುಗಳಲ್ಲಿಯೂ ಇದೇ ಭೇದವಿದೆ. ಚೆನ್ನೈ, ಹೈದರಾಬಾದು, ಪುಣೆಗಳಲ್ಲಿ ‘ಕಪ್ ನಮ್ಮದು’ ಎನ್ನಬೇಕಾದವನು ಬಾಯಿ ತೆರೆಯುವ ಮೊದಲೇ ಎದುರಿಗಿರುವವನು ತನ್ನವನೋ ಅಲ್ಲವೋ ಎಂದು ನಿರ್ಧರಿಸಬೇಕಾಗುತ್ತದೆ. ಇಂದಿನ ಕನ್ನಡದ ‘ನಾವು’ ಈ ನಿರ್ಧಾರವನ್ನು ಕೇಳುವುದಿಲ್ಲ. ‘ನಮ್ದೇ’ ಎಂದಾಗ ಕೇಳಿಸಿಕೊಂಡವನು ಒಳಗಿದ್ದಾನೋ ಹೊರಗಿದ್ದಾನೋ ಎಂಬುದು ಅವನಿಗೇ ಬಿಟ್ಟದ್ದು. ಬೆಂಗಳೂರಿಗೆ ಕೆಲಸಕ್ಕೆಂದು ಬಂದು, ಕನ್ನಡದಲ್ಲಿ ಈ ಒಂದು ವಾಕ್ಯವನ್ನಷ್ಟೇ ಕಲಿತವನು ಕೂಡ ಅದರೊಳಗೆ ನುಸುಳಿಕೊಳ್ಳಬಲ್ಲ. ವ್ಯಾಕರಣವೇ ಸಾಮಾಜಿಕ ಔದಾರ್ಯವನ್ನು ಹುಟ್ಟಿಸುತ್ತದೆಂದು ಇದರ ಅರ್ಥವಲ್ಲ; ಇದೇ ‘ನಮ್ಮ’ ಎಂಬ ಪದದಿಂದ ಜನರನ್ನು ಹೊರಗಟ್ಟುವುದೂ ಸಾಧ್ಯ. ಬಾಗಿಲನ್ನು ತೆರೆದಿಡಲು ಭಾಷೆ ಅವಕಾಶ ಕೊಡುತ್ತದೆ. ತೆರೆದಿಡುವುದು ಆಡುವವನ ಮನಸ್ಸಿಗೆ ಸೇರಿದ್ದು.

ಹೊರನಾಡ ಕನ್ನಡಿಗರ ಸ್ಥಿತಿ ಇಲ್ಲಿ ವಿಶಿಷ್ಟವಾದದ್ದು. ಮೇಲೆ ಹೇಳಿದ ಸೋಲುಗಳನ್ನು ಮತ್ತೊಮ್ಮೆ ಗಮನಿಸಬೇಕು: 2009 ಮತ್ತು 2016ರಲ್ಲಿ ಗೆದ್ದದ್ದು ಹೈದರಾಬಾದು, 2011ರಲ್ಲಿ ಚೆನ್ನೈ, 2010ರ ರಣಜಿಯಲ್ಲಿ ಮುಂಬಯಿ. ಬೆಂಗಳೂರಿನಲ್ಲಿ ಸೋತವನ ಸುತ್ತ ಸೋತವರೇ ಇರುತ್ತಾರೆ, ದುಃಖ ಹಂಚಿಹೋಗುತ್ತದೆ. ಈ ಮೂರು ನಗರಗಳ ಕನ್ನಡಿಗನಾದರೋ ಗೆದ್ದವರ ನಡುವೆ ಸೋತಿದ್ದಾನೆ. ಮರುದಿನ ಕಚೇರಿಯಲ್ಲಿ, ಲೋಕಲ್ ರೈಲಿನಲ್ಲಿ, ಕಾಲೇಜಿನ ಮೊಗಸಾಲೆಯಲ್ಲಿ ಅವನ ವಾಕ್ಯವನ್ನೇ ಗೆಳೆಯರು ಅವನಿಗೆ ತಿರುಗಿಸಿ ಒಪ್ಪಿಸುತ್ತಾರೆ. ಅವನ ಮಕ್ಕಳು ಹುಟ್ಟಿದ ನಗರದ ತಂಡಕ್ಕೇ ಒಲಿದಿರುವುದೂ ಉಂಟು. ಮನೆಯೊಳಗೇ ಎರಡು ‘ನಾವು’ಗಳು ಏಳುತ್ತವೆ.

ಪಂಪನು ಬನವಾಸಿಯನ್ನು ನೆನೆದದ್ದು ಬನವಾಸಿಯಲ್ಲಿ ಕುಳಿತಲ್ಲ. ಇಂದಿನ ತೆಲಂಗಾಣಕ್ಕೆ ಸೇರಿದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದಾಗ, ವಿಕ್ರಮಾರ್ಜುನ ವಿಜಯದಲ್ಲಿ, ಅರ್ಜುನನ ಬಾಯಿಂದ ಆ ನೆನಪನ್ನು ಹೊರಡಿಸಿದ. ದೂರವು ಊರನ್ನು ಚಿಕ್ಕದಾಗಿಸುವುದಿಲ್ಲ, ಆದರೆ ಅದರ ಸ್ವರೂಪವನ್ನು ಬದಲಿಸುತ್ತದೆ. ಊರಿನಲ್ಲಿರುವವನಿಗೆ ಊರೆಂದರೆ ನೀರು, ರಸ್ತೆ, ಬಾಡಿಗೆ, ಜಗಳ. ಹೊರಗಿರುವವನಿಗೆ ಅದು ವರ್ಷಕ್ಕೊಮ್ಮೆ ಕೂಗಬಹುದಾದ ಒಂದು ಹೆಸರು. ಘೋಷವಾಕ್ಯದಲ್ಲಿ ಬೆಂಗಳೂರಿನ ಹೆಸರಾಗಲಿ ಕರ್ನಾಟಕದ ಹೆಸರಾಗಲಿ ಇಲ್ಲದಿರುವುದು ಈ ದೃಷ್ಟಿಯಿಂದ ಗಮನಾರ್ಹ. ಭಾಷೆಯೊಂದೇ ವಿಳಾಸ. ಕಲಬುರಗಿಯವನೂ, ಕಾಸರಗೋಡಿನವನೂ, ಮಾಟುಂಗದವನೂ ತನ್ನ ತನ್ನ ಊರನ್ನು ಅದರೊಳಗೆ ತುಂಬಿಕೊಳ್ಳಬಹುದು.

6

2024ರ ಮಾರ್ಚ್ 17ರಂದು ದೆಹಲಿಯಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್ ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ಮಹಿಳಾ ತಂಡ ಗೆದ್ದಿತು. ನಾಯಕಿ ಸ್ಮೃತಿ ಮಂಧಾನ ಮುಂಬಯಿಯಲ್ಲಿ ಹುಟ್ಟಿ ಸಾಂಗ್ಲಿಯಲ್ಲಿ ಬೆಳೆದವರು. ಗೆಲುವಿನ ಬಳಿಕ ಮಾತನಾಡುತ್ತ ಅವರು, ಅಭಿಮಾನಿಗಳು ಹೇಳುತ್ತಿದ್ದದ್ದು ‘ನಮ್ದೇ’ ಎಂದು, ಈಗ ಅದು ‘ನಮ್ದು’ ಎಂದರು. ಕನ್ನಡ ಮನೆಮಾತಲ್ಲದವರೊಬ್ಬರು ಮಾಡಿದ ಈ ತಿದ್ದುಪಡಿ ವ್ಯಾಕರಣದ ದೃಷ್ಟಿಯಿಂದ ಅತ್ಯಂತ ಸಮರ್ಪಕವಾದದ್ದು. ವಸ್ತು ಕೈಗೆ ಬಂದ ಮೇಲೆ ಅವಧಾರಣೆ ಉದುರುತ್ತದೆ, ಹಕ್ಕೊತ್ತಾಯ ಹೇಳಿಕೆಯಾಗುತ್ತದೆ. ಹದಿನಾರು ವರ್ಷ ಕಾದ ಕಪ್ಪನ್ನು ಮೊದಲು ತಂದವರು ಮಹಿಳೆಯರು ಎಂಬುದೂ ‘ನಾವು’ ಎಂಬ ಪದದ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ.

ಪುರುಷರ ತಂಡ ತನ್ನ ಹದಿನೆಂಟನೆಯ ಋತುವಿನಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಸೋಲಿಸಿತು. ಅಂತರ ಅದೇ ಆರು ರನ್. 2009ರಲ್ಲಿಯೂ 2010ರಲ್ಲಿಯೂ ಕಳೆದುಕೊಂಡಿದ್ದ ಅಷ್ಟೇ ರನ್‌ಗಳು ಈ ಸಲ ಈ ಕಡೆಗೆ ಬಂದವು. ಲೇಖನ ಇಲ್ಲಿಗೇ ಮುಗಿಯುವಂತಿದ್ದರೆ ಇದೊಂದು ಸುಖಾಂತ ಕಥನವಾಗುತ್ತಿತ್ತು.

ಮರುದಿನ, ಜೂನ್ 4ರಂದು, ವಿಜಯೋತ್ಸವ ನೋಡಲು ಲಕ್ಷಾಂತರ ಜನ ಬೆಂಗಳೂರಿನ ನಡುಭಾಗಕ್ಕೆ ಬಂದರು. ಸುಮಾರು ಮೂವತ್ತೈದು ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು, ಹಲವರು ಗಾಯಗೊಂಡರು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಹೊಣೆ ಯಾರದೆಂಬ ಪ್ರಶ್ನೆ ವಿಚಾರಣಾ ಆಯೋಗದ ಮುಂದೆಯೂ ನ್ಯಾಯಾಲಯದ ಮುಂದೆಯೂ ಹೋಯಿತು. ಅದನ್ನು ತೀರ್ಮಾನಿಸುವುದು ವಿಮರ್ಶೆಯ ಕೆಲಸವಲ್ಲ.

ಆದರೆ ಪದದ ಮಟ್ಟದಲ್ಲಿ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಹದಿನೇಳು ಋತುಗಳ ಕಾಲ ಸೋಲನ್ನು ಹೊತ್ತವರು ಈ ‘ನಾವು’. ಕಪ್ ಬಂದ ದಿನ ಕಪ್ ಒಳಗಿತ್ತು, ‘ನಾವು’ ಬಾಗಿಲ ಹೊರಗಿದ್ದರು. ಸೋಲು ನಮ್ಮದು ಎಂದಾಗ ಯಾರೂ ಆಕ್ಷೇಪಿಸಿರಲಿಲ್ಲ. ಗೆಲುವು ನಮ್ಮದು ಎಂದು ನೋಡಬಂದಾಗ ಅವರಿಗಾಗಿ ಸಾಕಷ್ಟು ಜಾಗವಿರಲಿಲ್ಲ, ಸಾಕಷ್ಟು ಸಿದ್ಧತೆಯೂ ಇರಲಿಲ್ಲ. ವ್ಯಾಕರಣ ಮುಕ್ತವಾಗಿ ತೆರೆದಿಟ್ಟ ಬಾಗಿಲು ಲೋಕವ್ಯವಹಾರದಲ್ಲಿ ಇಕ್ಕಟ್ಟಾದ ಗೇಟಾಗಿತ್ತು. ಸತ್ತವರನ್ನು ಅಭಿಮಾನಕ್ಕಾಗಿ ಪ್ರಾಣ ಕೊಟ್ಟವರೆಂದು ಹಾಡಿ ಹೊಗಳುವ ಪ್ರವೃತ್ತಿ ತಪ್ಪು. ವೀರಗಲ್ಲುಗಳ ನಾಡಿನಲ್ಲಿ ಆ ಪ್ರಲೋಭನೆ ಸಹಜ. ವೀರಗಲ್ಲಿನ ವೀರ ಹೋರಾಡಲೆಂದು ಹೊರಟವನು. ಇವರು ಸಂಭ್ರಮವನ್ನು ನೋಡಿ ಸಂಜೆಗೆ ಮನೆಗೆ ಮರಳಲೆಂದು ಹೊರಟವರು.

7

ಈ ಪರಿಶೀಲನೆಯಿಂದ ಹೊರಡುವ ತೀರ್ಮಾನವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ‘ಈ ಸಲ ಕಪ್ ನಮ್ದೇ’ ಎಂಬುದು ಒಡೆತನವಿಲ್ಲದವರು ಭಾಷೆಯಲ್ಲಿ ಕಟ್ಟಿಕೊಂಡ ಒಡೆತನ. ಸೋಲು ಅದನ್ನು ಒಡೆಯಲಿಲ್ಲ, ಗಟ್ಟಿಗೊಳಿಸಿತು. ಕನ್ನಡದ ‘ನಾವು’ ಅದನ್ನು ವಿಶಾಲಗೊಳಿಸಿತು; ಹೊರನಾಡಿನವರಿಗೂ ಹೊರಗಿನಿಂದ ಬಂದವರಿಗೂ ಅದರಲ್ಲಿ ಎಡೆ ದೊರೆಯಿತು. ಇದು ಅದರ ದೊಡ್ಡತನ. ಆದರೆ ಭಾಷೆಯಲ್ಲಿ ಪಡೆದದ್ದು ತಾನಾಗಿಯೇ ಲೋಕದಲ್ಲಿ ದೊರೆಯುವುದಿಲ್ಲ. ‘ನಮ್ಮದು’ ಎಂದು ಜನ ಹೇಳುವುದನ್ನು ಬಂಡವಾಳ ಮಾಡಿಕೊಳ್ಳುವವರು ‘ಇವರು ನಮ್ಮವರು’ ಎಂದು ತಿರುಗಿ ಹೇಳುವ ಹೊಣೆಯನ್ನೂ ಹೊರಬೇಕು. ಆ ಉತ್ತರ ಬಾರದಿರುವಷ್ಟು ಕಾಲವೂ ಈ ವಾಕ್ಯ ಅರ್ಧ ಸಂಭಾಷಣೆಯಾಗಿಯೇ ಉಳಿಯುತ್ತದೆ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸವೂ ಇದೆ. ತಮಿಳು, ತೆಲುಗು, ಮರಾಠಿಗಳ ನಡುವೆ ಬಾಳುವ ಕನ್ನಡಿಗರು ತಮ್ಮ ‘ನಾವು’ವನ್ನು ಎಲ್ಲಿ ಅಗಲಿಸುತ್ತಾರೆ, ಎಲ್ಲಿ ಕುಗ್ಗಿಸುತ್ತಾರೆ, ಎರಡು ಊರುಗಳ ನಡುವಣ ಪಂದ್ಯದ ದಿನ ಮನೆಯಲ್ಲಿ ಯಾವ ಭಾಷೆಯಲ್ಲಿ ಯಾರನ್ನು ‘ನಮ್ಮವರು’ ಎನ್ನುತ್ತಾರೆ ಎಂಬುದನ್ನು ಮನೆಮನೆಗಳಲ್ಲಿ ಕೇಳಿ ಸಂಗ್ರಹಿಸಬೇಕು. ಕಾಲೇಜಿನ ಮೊಗಸಾಲೆಯಲ್ಲಿ ತನ್ನ ವಾಕ್ಯವನ್ನೇ ತಿರುಗಿಸಿ ಕೇಳಿಸಿಕೊಂಡ ಆ ಹುಡುಗನಿಂದಲೇ ಈ ಸಂಗ್ರಹ ಆರಂಭವಾಗಬಹುದು.